ಕಡಲ ಬದಿಯ ಗಾಲ್ಫ್ ಲೇಔಟ್‌ನಲ್ಲಿ ವಿಲ್ಲಾ: ಟೋಕನ್ ಕೊಡುವ ಮುಂಚೆ ಏನೇನು ನೋಡಬೇಕು?

ಕೌಲ್‌ಬಜಾರ್_ಬಳ್ಳಾರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಮ್ಮ ಸೇರಿ ಕರಾವಳಿ ಕಡೆ ಒಂದು ಮನೆ ತಗೋಬೇಕು ಅಂತ ನೋಡ್ತಾ ಇದ್ದೀವಿ. ಬಳ್ಳಾರಿ ಬೇಸಿಗೆಯಲ್ಲಿ ಅಪ್ಪ-ಅಮ್ಮ ಅಲ್ಲಿರಲಿ, ಉಳಿದ ದಿನ ಬಾಡಿಗೆಗೆ ಕೊಡೋಣ, ಮುಂದೆ ರಿಟೈರ್ ಆದಮೇಲೆ ನಾವೇ ಹೋಗಿ ಇರೋಣ ಅನ್ನೋ ಲೆಕ್ಕ.

ಈಗ ನೋಡಿರೋದು ಉಡುಪಿ–ಮಂಗಳೂರು ನಡುವಿನ ಒಂದು ಗ್ರಾಮ ಪಂಚಾಯಿತಿ ವ್ಯಾಪ್ತಿಯ ಲೇಔಟ್. 9 ಹೋಲ್‌ನ ಗಾಲ್ಫ್ ಮೈದಾನ, ಅದರ ಸುತ್ತ 150 ವಿಲ್ಲಾ. ನಮಗೆ ತೋರಿಸಿದ್ದು 8 ಸೆಂಟ್ ಜಾಗ, 1,850 ಚದರಡಿ ಕಾರ್ಪೆಟ್ ಏರಿಯಾ, ಕೆಳಗೊಂದು ಮೇಲೊಂದು ಮಹಡಿ. ಬೆಲೆ 1.45 ಕೋಟಿ. ಮೇಂಟೆನೆನ್ಸ್ ತಿಂಗಳಿಗೆ ಚದರಡಿಗೆ 6 ರೂಪಾಯಿ, ಮೊದಲ ಎರಡು ವರ್ಷದ್ದು ಮುಂಗಡ. ಕ್ಲಬ್ ಸದಸ್ಯತ್ವ ಬೆಲೆಯಲ್ಲೇ ಸೇರಿದೆ ಅಂತಾರೆ. ಸಮುದ್ರ 350 ಮೀಟರ್ ದೂರ. ಕಟ್ಟಡ ಇನ್ನೂ ಶುರುವಾಗಿಲ್ಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ "ಇನ್ನೇನು ಬರುತ್ತೆ" ಅಂದ್ರು, ಈ ತಿಂಗಳೊಳಗೆ ಶೇ 10 ಕೊಟ್ಟರೆ ಗಾಲ್ಫ್‌ಗೆ ಮುಖ ಮಾಡಿದ ಮನೆ ಹಿಡಿದಿಡ್ತಾರಂತೆ.

ಬಳ್ಳಾರಿಯಲ್ಲಿ ಸೈಟು, ಮನೆ ಕೊಳ್ಳೋದು ಗೊತ್ತು. ಕರಾವಳಿ, ಗಾಲ್ಫ್ ಎರಡೂ ಹೊಸದು. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಕೊಪ್ಪಳ_ದಸ್ತಾವೇಜು:

ಟೋಕನ್ ಕೊಡಬೇಡಿ. ಮೊದಲ ಮಾತು ಅದೇ. 500 ಚದರ ಮೀಟರ್ ಮೀರಿದ ಜಾಗ ಅಥವಾ 8ಕ್ಕಿಂತ ಹೆಚ್ಚು ಮನೆ ಇರುವ ಯೋಜನೆಯನ್ನು ರೇರಾ ನೋಂದಣಿಗೆ ಮುಂಚೆ ಜಾಹೀರಾತು ಮಾಡುವಂತೆಯೂ ಇಲ್ಲ, ಬುಕಿಂಗ್ ಹಣ ಪಡೆಯುವಂತೆಯೂ ಇಲ್ಲ. ಅದು ಕಾಯ್ದೆಯ 3ನೇ ಸೆಕ್ಷನ್. ನಂಬರ್ ಬಂದ ಮೇಲೂ ಮಾರಾಟದ ಕರಾರು ನೋಂದಣಿ ಆಗದೆ ಶೇ 10ಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ, ಅದು 13ನೇ ಸೆಕ್ಷನ್. ನೋಂದಣಿಯಾದ ಯೋಜನೆಯಲ್ಲಿ ಕೊಳ್ಳುವವರಿಂದ ಬಂದ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿ ಇರಬೇಕು. ಅದನ್ನು ಆ ಜಮೀನಿಗೆ, ಆ ಕಟ್ಟಡಕ್ಕೆ ಮಾತ್ರ ಬಳಸಬೇಕು. ನಂಬರ್ ಬರುವ ಮುಂಚೆ ಕೊಟ್ಟ ಹಣಕ್ಕೆ ಆ ಖಾತೆಯೇ ಇರುವುದಿಲ್ಲ. ನಂಬರ್ ಕೈಗೆ ಬಂದ ದಿನ ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ ನೋಡಿ. ಅಲ್ಲಿ ಅಪ್‌ಲೋಡ್ ಆಗಿರುವ ನಕ್ಷೆ, ಸರ್ವೆ ನಂಬರ್‌ಗಳ ಪಟ್ಟಿ, ಮುಗಿಸುವ ದಿನಾಂಕ, ಕರಾರಿನ ಕರಡು, ಇಷ್ಟನ್ನೂ ಇಳಿಸಿಕೊಂಡು ಬ್ರೋಶರ್ ಜೊತೆ ಪಕ್ಕಪಕ್ಕ ಇಟ್ಟು ಓದಿ.

ಪಟ್ಟಿಯಲ್ಲಿ ಹುಡುಕಬೇಕಾದ್ದು ಒಂದೇ: ಗಾಲ್ಫ್ ಮೈದಾನದ ಸರ್ವೆ ನಂಬರ್‌ಗಳು ಅದರಲ್ಲಿ ಇವೆಯೋ ಇಲ್ಲವೋ. ನೀವು ಹೆಚ್ಚಿನ ದುಡ್ಡು ಕೊಡುತ್ತಿರುವುದು ಕಿಟಕಿಯಾಚೆಯ ಹಸಿರಿಗೆ. ಆ ಹಸಿರು ನಿಮ್ಮ ಕ್ರಯಪತ್ರದಲ್ಲಿ ಇರುವುದಿಲ್ಲ. ಅದು ಯಾರ ಹೆಸರಲ್ಲಿದೆ ಎನ್ನುವುದರ ಮೇಲೆ ನಿಮ್ಮ ಮನೆಯ ಬೆಲೆ ನಿಂತಿದೆ.

ಮೈದಾನ ಯೋಜನೆಯ ಸಾಮಾನ್ಯ ಪ್ರದೇಶದಲ್ಲಿ ಸೇರಿದ್ದರೆ ಅದನ್ನು ಕೊನೆಗೆ ನಿವಾಸಿಗಳ ಸಂಘದ ಹೆಸರಿಗೆ ಕ್ರಯ ಮಾಡಿಕೊಡಬೇಕಾಗುತ್ತದೆ, 17ನೇ ಸೆಕ್ಷನ್. ಮಂಜೂರಾದ ನಕ್ಷೆ ಬದಲಿಸಬೇಕಾದರೂ ಮೂರರಲ್ಲಿ ಎರಡು ಭಾಗ ಕೊಂಡವರ ಲಿಖಿತ ಒಪ್ಪಿಗೆ ಬೇಕು. ಆದರೆ ಬಹಳ ಕಡೆ ಮೈದಾನವನ್ನು ಬಿಲ್ಡರಿನ ಬೇರೆ ಕಂಪನಿಯ ಹೆಸರಲ್ಲಿ ಇಟ್ಟು, ನಿವಾಸಿಗಳಿಗೆ ಆಡುವ ಅವಕಾಶ ಮಾತ್ರ ಕೊಟ್ಟಿರುತ್ತಾರೆ. ಇನ್ನು ಕೆಲವು ಕಡೆ ಮೈದಾನ ಲೀಸ್ ಜಮೀನಿನ ಮೇಲೆ ಇರುತ್ತದೆ. ಈ ಎರಡರಲ್ಲೂ ಕ್ಲಬ್ಬು ನಷ್ಟದಲ್ಲಿ ಮುಚ್ಚಿದರೆ ಆ ಜಮೀನಿನ ಮೇಲೆ ಎರಡನೇ ಹಂತದ ಮನೆ ಏಳುವುದನ್ನು ತಡೆಯಲು ನಿಮ್ಮ ಕೈಯಲ್ಲಿ ಕಾಗದ ಇರುವುದಿಲ್ಲ.

ಹಾಗಾಗಿ ಮನೆಯ ಸರ್ವೆ ನಂಬರ್‌ಗೆ ತೆಗೆಸುವ ಎಲ್ಲ ದಾಖಲೆಯನ್ನು ಮೈದಾನದ ಸರ್ವೆ ನಂಬರ್‌ಗೂ ತೆಗೆಸಿ. ಪಹಣಿ, ಮ್ಯುಟೇಷನ್, 30 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ), ಎನ್‌ಎ (ಕೃಷಿಯೇತರ ಬಳಕೆಯ) ಆದೇಶ. ಮಾಲೀಕ ಕಂಪನಿಯಾಗಿದ್ದರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಕಂಪನಿಯ "ಚಾರ್ಜ್" ಪಟ್ಟಿ ನೋಡಿ. ಮೈದಾನ ಯಾವ ಬ್ಯಾಂಕಿಗೆ ಅಡವಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಮನೆಗಳ ಜಾಗ ಋಣಮುಕ್ತವಾಗಿದ್ದು ಮೈದಾನ ಮಾತ್ರ ಅಡವಿರುವುದು ಸಾಧ್ಯ. ಸಾಲ ಕಟ್ಟದಿದ್ದರೆ ಹರಾಜಾಗುವುದು ನಿಮ್ಮ ನೋಟವೇ.

ಕ್ರಯಪತ್ರದಲ್ಲಿ ಒಂದು ಕಲಂ ಬರೆಸಿ: ಇಂತಿಂಥ ಸರ್ವೆ ನಂಬರಿನ, ಇಷ್ಟು ಎಕರೆ ಜಾಗವನ್ನು ತೆರೆದ ಆಟದ ಮೈದಾನವಾಗಿಯೇ ಉಳಿಸುತ್ತೇವೆ, ಮುಂದೆ ಯಾರಿಗೆ ಮಾರಿದರೂ ಈ ಷರತ್ತು ಅವರಿಗೂ ಅನ್ವಯ. ಮೈದಾನದ ಮಾಲೀಕರೇ ಅದಕ್ಕೆ ಸಹಿ ಹಾಕಬೇಕು. ಆಸ್ತಿ ವರ್ಗಾವಣೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಷರತ್ತು ಗೊತ್ತಿದ್ದೂ ಕೊಂಡವನನ್ನು ಅದು ಕಟ್ಟಿಹಾಕುತ್ತದೆ. ಅದರ ಜೊತೆಗೆ ಯೋಜನಾ ಪ್ರಾಧಿಕಾರದ ಮಾಸ್ಟರ್ ಪ್ಲಾನ್‌ನಲ್ಲಿ ಆ ಜಾಗಕ್ಕೆ ಯಾವ ಬಣ್ಣ ಇದೆ ನೋಡಿ. ವಸತಿ ಬಣ್ಣ ಇದ್ದರೆ ಅಲ್ಲಿ ಮನೆ ಕಟ್ಟಲು ಬಳಕೆ ಬದಲಾವಣೆಯ ಅನುಮತಿಯೂ ಬೇಕಾಗುವುದಿಲ್ಲ.

ಇನ್ನು ಕರಾವಳಿ ಜಮೀನಿನ ವಿಶೇಷ. ನಮ್ಮ ಕಡೆ ಮೂಲ ಹುಡುಕುವ ರೀತಿ ಅಲ್ಲಿ ಸಾಲದು. ಅಲ್ಲಿನ ಬಹಳಷ್ಟು ಜಮೀನು ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದದ್ದು. ಭೂನ್ಯಾಯ ಮಂಡಳಿಯ ಆದೇಶ ಮತ್ತು ಫಾರ್ಮ್ 10 (ಗೇಣಿದಾರರ ಹಕ್ಕಿನ ಪ್ರಮಾಣಪತ್ರ) ಕೇಳಿ ಪಡೆಯಿರಿ. ಕುಮ್ಕಿ ಜಾಗ ಸರ್ಕಾರದ್ದು. ಪಕ್ಕದ ವರ್ಗದಾರರಿಗೆ (ಪಟ್ಟಾ ಜಮೀನಿನ ಮಾಲೀಕರಿಗೆ) ಸೊಪ್ಪು, ಸೌದೆಯಂಥ ಸವಲತ್ತು ಮಾತ್ರ ಇರುತ್ತದೆ, ಮಾರುವ ಹಕ್ಕಿಲ್ಲ. ಲೇಔಟಿನ ಅಂಚು ಕುಮ್ಕಿಗೆ ಚಾಚಿದೆಯೋ ಎಂದು 11ಇ ಸ್ಕೆಚ್ (ಸರ್ವೆ ಇಲಾಖೆಯ ಅಳತೆ ನಕ್ಷೆ) ಇಟ್ಟುಕೊಂಡು ಅಳೆಸಿ. ಡಿ.ಸಿ. ಮನ್ನಾ (ದಲಿತರಿಗೆ ಕಾದಿರಿಸಿದ ಜಮೀನು) ಅಥವಾ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಸುಳಿವು ಸಿಕ್ಕರೆ ಇಂಥ ಜಮೀನಿನ ಪರಭಾರೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ, ಆ ಪ್ಲಾಟು ಬಿಟ್ಟುಬಿಡಿ. ಮತ್ತೊಂದು, ಅಳಿಯಸಂತಾನದ ಕುಟುಂಬದ ಆಸ್ತಿಯಾಗಿದ್ದರೆ ವಂಶವೃಕ್ಷ ತಾಯಿಯ ಕಡೆಯಿಂದ ಇಳಿಯುತ್ತದೆ. ಅಪ್ಪ-ಮಗನ ಸಹಿ ನೋಡಿ "ಎಲ್ಲರೂ ಸಹಿ ಮಾಡಿದ್ದಾರೆ" ಎಂದುಕೊಳ್ಳಬೇಡಿ; ವಿಭಾಗಪತ್ರದಲ್ಲಿ ಅಕ್ಕ-ತಂಗಿಯರು, ಅವರ ಮಕ್ಕಳು ಇದ್ದಾರೆಯೇ ನೋಡಬೇಕು. ಇದಕ್ಕೆ ಅಲ್ಲಿಯ ಸ್ಥಳೀಯ ವಕೀಲರೇ ಸರಿ. ನಮ್ಮ ಕಡೆಯವರಿಗೆ ಈ ಕಾಗದ ದಿನಾ ಕೈಗೆ ಬರುವುದಿಲ್ಲ. ಬಿಲ್ಡರ್ ತೋರಿಸಿದ ವಕೀಲರು ಮಾತ್ರ ಬೇಡ.

ಪಂಚಾಯಿತಿ ವ್ಯಾಪ್ತಿ ಅಂದಿರಿ, ಇ-ಸ್ವತ್ತು (ಪಂಚಾಯಿತಿ ಆಸ್ತಿಗಳ ಗಣಕ ದಾಖಲೆ) ಫಾರ್ಮ್ 9 ಮತ್ತು 11ಎ ಇರಲಿ. ಕ್ರಮಬದ್ಧವಲ್ಲದ ಆಸ್ತಿಗೆ ಕೊಡುವ 11ಬಿ ಕೊಟ್ಟರೆ ಯಾಕೆಂದು ಬರಹದಲ್ಲಿ ಕೇಳಿ.

ಕೌಲ್‌ಬಜಾರ್_ಬಳ್ಳಾರಿ:

ಸರ್, ತುಂಬಾ ಉಪಕಾರ. 350 ಮೀಟರ್ ದೂರದಲ್ಲಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ತೊಂದರೆ ಇಲ್ಲ, 200 ಮೀಟರ್ ದಾಟಿದರೆ ಆಯ್ತು ಅಂತ ಅವರು ಹೇಳಿದ್ದು. ಅದು ಸರಿಯೇ? ಗಾಲ್ಫ್ ಕಡೆ ಮುಖ ಮಾಡಿದ ಮನೆಗಳಲ್ಲಿ ಯಾವುದು ಒಳ್ಳೆಯದು ಅಂತಲೂ ಯಾರಾದರೂ ಹೇಳಿ. ನಕ್ಷೆಯಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ, ರೇಟೂ ಒಂದೇ.

ಕೊಪ್ಪಳ_ದಸ್ತಾವೇಜು:

ಸರಿಯಲ್ಲ. ಭರತರೇಖೆಯಿಂದ, ಅಂದರೆ ಉಬ್ಬರದ ನೀರು ಮುಟ್ಟುವ ಗೆರೆಯಿಂದ, 500 ಮೀಟರ್‌ವರೆಗೂ ಸಿಆರ್‌ಝಡ್ ಇದೆ. 2019ರ ಅಧಿಸೂಚನೆಯಲ್ಲಿ ಗ್ರಾಮೀಣ ಭಾಗವನ್ನು ಎರಡು ಮಾಡಿದ್ದಾರೆ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರುವ ಕಡೆ ಕಟ್ಟಡ ನಿಷೇಧದ ಪಟ್ಟಿ 50 ಮೀಟರ್, ಅದಕ್ಕಿಂತ ಕಡಿಮೆ ಇರುವ ಕಡೆ 200 ಮೀಟರ್. 200 ದಾಟಿದರೆ ನಿಷೇಧ ಇಲ್ಲ ಅಷ್ಟೇ, ನಿಯಂತ್ರಣ ಇದ್ದೇ ಇದೆ. 200ರಿಂದ 500ರ ನಡುವೆ ವಾಸದ ಮನೆಗೆ ಅವಕಾಶ ಇರುವುದು ಅಲ್ಲಿನ ಸಾಂಪ್ರದಾಯಿಕ ಹಕ್ಕು, ಬಳಕೆಯ ಚೌಕಟ್ಟಿನೊಳಗೆ. ಎತ್ತರ 9 ಮೀಟರ್, ಎರಡೇ ಮಹಡಿ. ರೆಸಾರ್ಟಿಗೆ ಅನುಮತಿ ಪಡೆಯುವ ದಾರಿ ಬೇರೆ. ರೆಸಾರ್ಟ್ ಅಂತ ಒಪ್ಪಿಗೆ ಪಡೆದು ಒಂದೊಂದೇ ವಿಲ್ಲಾ ಮಾರುತ್ತಿದ್ದರೆ ಅದು ನಿಮ್ಮ ಹೆಸರಿನ ವಾಸದ ಮನೆ ಆಗುವುದಿಲ್ಲ. ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಅನುಮತಿ ಪತ್ರದ ಪ್ರತಿ ಕೇಳಿ, "ಉದ್ದೇಶ" ಎನ್ನುವ ಸಾಲು ಓದಿ. ಸರ್ವೆ ನಂಬರ್ ಮಟ್ಟದ 1:4,000 ಅಳತೆಯ ಸಿಝಡ್‌ಎಂಪಿ (ಕರಾವಳಿ ವಲಯ ನಿರ್ವಹಣಾ ಯೋಜನೆ) ನಕ್ಷೆಯಲ್ಲಿ ನಿಮ್ಮ ಪ್ಲಾಟನ್ನು ಗುರುತು ಹಾಕಿಸಿಕೊಳ್ಳಿ.

ಒಂದು ಮಾತು ಮರೆಯುವುದು ಸುಲಭ: ಸಮುದ್ರ ಮಾತ್ರ ಅಲ್ಲ, ಉಬ್ಬರದ ನೀರು ಏರುವ ಹೊಳೆ, ಅಳಿವೆ, ಹಿನ್ನೀರಿನ ದಂಡೆಗೂ ಸಿಆರ್‌ಝಡ್ ಇದೆ. ಸಮುದ್ರ ದೂರ ಇದ್ದರೂ ಹಿತ್ತಿಲ ಹೊಳೆ ನಿಮ್ಮನ್ನು ಒಳಗೆ ಎಳೆಯಬಹುದು.

ಸಂಡೂರು_ಟರ್ಫ್:

ಗಾಲ್ಫ್ ಭಾಗಕ್ಕೆ ಉತ್ತರ.

ರೇಟು ಒಂದೇ ಇರಬಹುದು, ಮನೆಗಳು ಒಂದೇ ಅಲ್ಲ. ಆಡುವವರಲ್ಲಿ ಹೆಚ್ಚಿನವರು ಬಲಗೈಯವರು, ಅದರಲ್ಲೂ ಹೊಸಬರ ಹೊಡೆತ ಬಲಕ್ಕೆ ವಾಲುತ್ತದೆ. ಹಾಗಾಗಿ ಟೀ (ಮೊದಲ ಹೊಡೆತದ ಜಾಗ) ಮೇಲೆ ನಿಂತು ನೋಡಿದಾಗ ಫೇರ್‌ವೇಯ (ಟೀಯಿಂದ ಕುಳಿಯ ಕಡೆಗೆ ಹೋಗುವ ಹುಲ್ಲಿನ ಹಾದಿಯ) ಬಲಗಡೆ, ಟೀಯಿಂದ ಸುಮಾರು 150ರಿಂದ 250 ಗಜದ ನಡುವೆ ಇರುವ ಮನೆಗೆ ಚೆಂಡು ಹೆಚ್ಚು ಬೀಳುತ್ತದೆ. ಚೆಂಡು 46 ಗ್ರಾಂ ತೂಗುವುದಿಲ್ಲ, ಆದರೆ ಕೋಲು ಬಿಟ್ಟಾಗ ಸಾಧಾರಣ ಆಟಗಾರನದ್ದೇ ಗಂಟೆಗೆ 200 ಕಿ.ಮೀ. ಆಸುಪಾಸು ಇರುತ್ತದೆ. ಕಾರಿನ ಗಾಜು, ಸೋಲಾರ್ ಹೀಟರಿನ ಟ್ಯೂಬು, ಹೆಂಚು, ಅಂಗಳದಲ್ಲಿ ಆಡುವ ಮಗು, ಎಲ್ಲಕ್ಕೂ ಅಪಾಯ. ಗ್ರೀನಿನ (ಕುಳಿ ಇರುವ ನುಣುಪು ಹುಲ್ಲಿನ ಜಾಗದ) ಹಿಂದಿನ ಮನೆಗಳಿಗೆ ಅಳತೆ ಮೀರಿದ ಹೊಡೆತಗಳು ಬರುತ್ತವೆ. ಟೀಯ ಹಿಂಬದಿ, ಟೀಯಿಂದ ಎಡಕ್ಕೆ ಮೊದಲ ನೂರು ಗಜ, ಇವು ನೆಮ್ಮದಿಯ ಜಾಗ. ಬಾಗಿದ ಹೋಲ್ ಇದ್ದರೆ ಬಾಗಿನ ಒಳಮೂಲೆಯ ಮನೆ ಬೇಡವೇ ಬೇಡ, ಎಲ್ಲರೂ ಅದರ ಮೇಲಿಂದಲೇ ಹಾರಿಸಿ ದೂರ ಉಳಿಸಲು ನೋಡುತ್ತಾರೆ.

ಬ್ರೋಶರ್ ನಕ್ಷೆಯಲ್ಲಿ ಟೀ, ಗ್ರೀನ್ ಗುರುತು ಇರುವುದಿಲ್ಲ. ಕೋರ್ಸ್ ರೂಟಿಂಗ್ ಪ್ಲಾನ್ ಅಂತ ಬೇರೆ ಇರುತ್ತದೆ, ಅದನ್ನೇ ಕೇಳಿ. ಫೇರ್‌ವೇಯ ನಡುಗೆರೆಯಿಂದ ನಿಮ್ಮ ಕಾಂಪೌಂಡಿಗೆ ಎಷ್ಟು ಮೀಟರ್ ಅಂತ ಸ್ಕೇಲ್ ಇಟ್ಟು ಅಳೆಯಿರಿ. 60 ಮೀಟರಿನೊಳಗೆ ಇದ್ದರೆ ನಾನು ಆ ಪ್ಲಾಟು ಕೊಳ್ಳಿ ಅಂತ ಯಾರಿಗೂ ಹೇಳುವುದಿಲ್ಲ. ಮೈದಾನದ ಕಡೆಯ ಗಾಜು ಲ್ಯಾಮಿನೇಟೆಡ್ ಆಗಿರಲಿ. ಬರೀ ಟಫನ್ಡ್ ಗಾಜು ಪೆಟ್ಟು ಬಿದ್ದರೆ ಪುಡಿಯಾಗಿ ಉದುರುತ್ತದೆ, ಲ್ಯಾಮಿನೇಟೆಡ್ ಬಿರುಕು ಬಿಟ್ಟರೂ ಚೌಕಟ್ಟಿನಲ್ಲೇ ನಿಲ್ಲುತ್ತದೆ. ಚೆಂಡಿನಿಂದಾದ ಹಾನಿಗೆ ಕ್ಲಬ್ ಹೊಣೆಯಲ್ಲ ಎಂಬ ಕಲಂ ಕರಾರಿನಲ್ಲಿ ಇದೆಯೇ ಎಂದು ವಕೀಲರಿಗೆ ತೋರಿಸಿ.

ಈಗ ನೀರು. ಇದನ್ನು ಯಾರೂ ಕೇಳುವುದಿಲ್ಲ, ಮೈದಾನ ಹಾಳಾಗುವುದು ಇದರಿಂದಲೇ. ಲೆಕ್ಕ ಹಾಕೋಣ. ಒಂದು ಹೆಕ್ಟೇರಿಗೆ 1 ಮಿ.ಮೀ. ನೀರು ಅಂದರೆ 10,000 ಲೀಟರ್. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 5 ಮಿ.ಮೀ. ಹಿಡಿಯಿರಿ, 9 ಹೋಲ್‌ನಲ್ಲಿ ನೀರು ಹಾಯಿಸುವ ಜಾಗ 15 ಹೆಕ್ಟೇರ್ ಅಂತಿಟ್ಟುಕೊಳ್ಳಿ. ದಿನಕ್ಕೆ ಏಳೂವರೆ ಲಕ್ಷ ಲೀಟರ್ ಆಯಿತು. "ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕದ) ನೀರು ಬಳಸುತ್ತೇವೆ" ಅನ್ನುತ್ತಾರೆ. 150 ಮನೆ, ಮನೆಗೆ ನಾಲ್ಕು ಜನ, ತಲೆಗೆ 135 ಲೀಟರ್, ಅದರಲ್ಲಿ ಶೇ 80 ಚರಂಡಿಗೆ: ಎಲ್ಲ ಮನೆ ತುಂಬಿದ್ದರೂ 65 ಸಾವಿರ ಲೀಟರ್ ದಾಟುವುದಿಲ್ಲ. ಬೇಕಾದ್ದರ ಹತ್ತನೇ ಒಂದು ಭಾಗವೂ ಅಲ್ಲ. ಎರಡನೇ ಮನೆ ಅಂತ ಕೊಂಡವರದ್ದೇ ಹೆಚ್ಚಾಗಿದ್ದು ಅರ್ಧಕ್ಕರ್ಧ ಬೀಗ ಹಾಕಿದ್ದರೆ ಇನ್ನೂ ಕಡಿಮೆ.

ಉಳಿದದ್ದು ಎಲ್ಲಿಂದ? ಕರಾವಳಿಯಲ್ಲಿ ಮಳೆ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೇಲೆ ಬಂದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಸಮುದ್ರಕ್ಕೆ ಹೋಗುತ್ತದೆ. ಡಿಸೆಂಬರ್ ನಂತರ 150 ದಿನ ಹಾಯಿಸಬೇಕಾದರೆ ಹನ್ನೊಂದು ಕೋಟಿ ಲೀಟರ್ ಮೇಲೆ ಸಂಗ್ರಹ ಬೇಕು. 3 ಮೀಟರ್ ಆಳದ ಕೆರೆಯಾದರೆ 9 ಎಕರೆಗೂ ಸ್ವಲ್ಪ ಜಾಸ್ತಿ, ಆವಿಯಾಗುವ ಲೆಕ್ಕ ಬಿಟ್ಟು. ನಕ್ಷೆಯಲ್ಲಿ ಅಷ್ಟು ದೊಡ್ಡ ಕೆರೆ ಇಲ್ಲ ಅಂದರೆ ಬೋರ್‌ವೆಲ್ ಮೇಲೆ ನಿಂತಿದ್ದಾರೆ ಅಂತ ತಿಳಿಯಿರಿ. ಕಡಲಿಗೆ ಇಷ್ಟು ಹತ್ತಿರ ಬೋರು ಜೋರಾಗಿ ಎಳೆದರೆ ಒಳಗಿನ ಸಿಹಿನೀರಿನ ಜಾಗಕ್ಕೆ ಉಪ್ಪುನೀರು ನುಗ್ಗುತ್ತದೆ. ಹುಲ್ಲು ಸಾಯುವುದು ಆಮೇಲಿನ ಮಾತು, ಮೊದಲು ನಿಮ್ಮ ಕುಡಿಯುವ ನೀರು, ಪಕ್ಕದ ಊರಿನ ಬಾವಿ ಉಪ್ಪಾಗುತ್ತದೆ. ತುಂಗಭದ್ರಾ ಎಡದಂಡೆಯ ಕೊನೇ ಭಾಗದ ಹೊಲದವರನ್ನು ಕೇಳಿದರೆ ನೀರಿನ ಮೂಲ ಎಲ್ಲಿದೆ ಅಂತ ಮೊದಲೇ ಯಾಕೆ ಕೇಳಬೇಕು ಎಂದು ಚೆನ್ನಾಗಿ ಹೇಳುತ್ತಾರೆ.

ಯಾವ ಹುಲ್ಲು ಅಂತ ಕೇಳಿ. ಸೀಶೋರ್ ಪ್ಯಾಸ್ಪಲಮ್ ಉಪ್ಪು ತಡೆಯುತ್ತದೆ, ಕಡಲ ಬದಿಗೆ ಅದು ಸರಿಯಾದ ಆಯ್ಕೆ. ಬರ್ಮುಡಾ ಅಂದರೂ ಪರವಾಗಿಲ್ಲ, ನೆರಳಿನಲ್ಲಿ ಮತ್ತು ಮಳೆಗಾಲದ ಮೋಡದಲ್ಲಿ ಸೊರಗುತ್ತದೆ. ಮಳೆಗಾಲದಲ್ಲಿ ಗ್ರೀನ್‌ಗಳಿಗೆ ಶಿಲೀಂಧ್ರನಾಶಕ ಸಿಂಪಡಣೆ ಇರುತ್ತದೆ, ವಯಸ್ಸಾದ ತಂದೆ-ತಾಯಿ ಇರುವ ಮನೆ ಗ್ರೀನಿಗೆ ತೀರ ಅಂಟಿಕೊಂಡಿರುವುದು ಬೇಡ. ಹುಲ್ಲು ಕತ್ತರಿಸುವ ಯಂತ್ರ ಬೆಳಗಿನ ಜಾವವೇ ಶುರುವಾಗುತ್ತದೆ, ಅದಕ್ಕೂ ಒಗ್ಗಬೇಕು.

ಸದಸ್ಯತ್ವ "ಸೇರಿದೆ" ಅನ್ನುವುದನ್ನು ಬಿಡಿಸಿ ಕೇಳಿ. ಎಷ್ಟು ವರ್ಷಕ್ಕೆ, ಒಬ್ಬರಿಗೋ ಮನೆಗೋ, ನೀವಿಬ್ಬರು ಅಣ್ಣತಮ್ಮಂದಿರ ಕುಟುಂಬಕ್ಕೂ ಸೇರಿ ಒಂದೋ ಎರಡೋ, ಮನೆ ಮಾರಿದರೆ ಕೊಂಡವರಿಗೆ ಹೋಗುತ್ತದೋ ಹೊಸದಾಗಿ ಕಟ್ಟಬೇಕೋ, ಬಾಡಿಗೆಗೆ ಬಂದವರು ಆಡಬಹುದೋ, ವಾರ್ಷಿಕ ಶುಲ್ಕ ಏರಿಸುವ ಅಧಿಕಾರ ಯಾರದು. ಆಡದೆ ಇದ್ದರೂ ಮೈದಾನದ ಖರ್ಚು ಮೇಂಟೆನೆನ್ಸ್‌ನಲ್ಲಿ ಬರುತ್ತದೆಯೇ ಎನ್ನುವುದು ಎಲ್ಲಕ್ಕಿಂತ ಮುಖ್ಯ. 18 ಹೋಲ್‌ಗೆ ಹೊರಗಿನ ಸದಸ್ಯರು, ಟೂರ್ನಮೆಂಟು ಬಂದು ಖರ್ಚು ಹಂಚಿಹೋಗುತ್ತದೆ. ಹೊರಗಿನವರು ಬಾರದ 9 ಹೋಲ್‌ನ ಪೂರ್ತಿ ಭಾರ 150 ಮನೆಗಳ ಮೇಲೆ.

ತೋರಣಗಲ್ಲು_ಸಿವಿಲ್:

ಕಟ್ಟಡದ ಬಗ್ಗೆ ನಾನು ಹೇಳ್ತೀನಿ ನೋಡ್ರಿ. ನಮ್ಮ ಕಡೆ ಒಣಹವಾ, ಇಲ್ಲಿ ಎಂ20 ಕಾಂಕ್ರೀಟಿಗೆ (ಎಂ ಅಂಕಿ ಹೆಚ್ಚಾದಷ್ಟೂ ಗಟ್ಟಿ) ನಾವು ಒಗ್ಗಿಬಿಟ್ಟೀವಿ. ಅಲ್ಲಿ ಅದು ನಡೆಯೂದಿಲ್ರಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಕರಾವಳಿ ಹವಾಕ್ಕೆ ತೆರೆದ ಆರ್‌ಸಿಸಿ "ಸಿವಿಯರ್" ವರ್ಗಕ್ಕೆ ಬರ್ತದ. ಕನಿಷ್ಠ ಎಂ30, ನೀರು-ಸಿಮೆಂಟ್ ಪ್ರಮಾಣ 0.45 ಮೀರಬಾರದು, ಘನ ಮೀಟರಿಗೆ ಸಿಮೆಂಟ್ 320 ಕೆ.ಜಿ.ಗಿಂತ ಕಡಿಮೆ ಇರಬಾರದು, ಸರಳಿನ ಮೇಲೆ 45 ಮಿ.ಮೀ. ಕವರ್, ಅಂದ್ರ ಕಾಂಕ್ರೀಟಿನ ಹೊದಿಕೆ. ಸಮುದ್ರದ ತುಂತುರು ನೇರ ಬಡಿಯೋ ಕಡೆ ಎಂ35, 50 ಮಿ.ಮೀ. ಸ್ಪೆಸಿಫಿಕೇಶನ್ ಹಾಳೆಯೊಳಗ ಟೈಲ್ಸ್ ಕಂಪನಿ, ನಲ್ಲಿ ಕಂಪನಿ ಹೆಸರು ಉದ್ದಕ ಬರೆದಿರ್ತಾರ, ಈ ನಾಲ್ಕು ಅಂಕಿ ಇರೂದಿಲ್ಲ. ಕರಾರಿಗೆ ಅನುಬಂಧ ಮಾಡಿ ಬರೆಸ್ಕೊಳ್ರಿ.

ಆಗೋದೇನಂದ್ರ, ಗಾಳಿಯೊಳಗಿನ ಉಪ್ಪು ಕಾಂಕ್ರೀಟಿನ ಸಣ್ಣ ರಂಧ್ರದಾಗಿಂದ ಒಳಗಿಳೀತದ. ಸರಳಿಗೆ ಮುಟ್ಟಿದ ಮ್ಯಾಲೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಎರಡು ಮೂರು ಪಟ್ಟು ಜಾಗ ಕೇಳ್ತದ, ಒಳಗಿಂದ ಒತ್ತಿ ಕಾಂಕ್ರೀಟ್ ಸೀಳ್ತದ. ಸರಳಿನ ಉದ್ದಕ್ಕ ನೆಟ್ಟಗ ಬಿರುಕು, ಛಜ್ಜಾದ ಕೆಳಗ ಕಂದುಬಣ್ಣದ ಕಲೆ, ಬಾಲ್ಕನಿ ತಳದಾಗ ಪದರು ಬಿಚ್ಚಿ ಸರಳು ಕಾಣೋದು, ಇವು ಗುರುತು. ಮೇಲೆ ಪುಟ್ಟಿ ಹಚ್ಚಿ ಬಣ್ಣ ಹೊಡದ್ರ ಒಂದು ಮಳೆಗಾಲ ಮುಚ್ಚಿರ್ತದ, ಅಷ್ಟೇ. ಹಂಗಾಗಿ ಹಳೇ ವಿಲ್ಲಾ ನೋಡಾಕ ಹೋದಾಗ ಹೊಸ ಬಣ್ಣ ಇದ್ದಲ್ಲೇ ಜಾಸ್ತಿ ನೋಡ್ರಿ. ಕವರ್ ಮೀಟರ್ ಇಟ್ಟು ಅಳೆಸಿ, ಕೋರ್ ತೆಗೆಸಿ ಕ್ಲೋರೈಡ್ ಟೆಸ್ಟ್ ಮಾಡ್ಸಿ. ಆರ್‌ಸಿಸಿಯೊಳಗ ಘನ ಮೀಟರಿಗೆ 0.6 ಕೆ.ಜಿ.ಗಿಂತ ಹೆಚ್ಚು ಕ್ಲೋರೈಡ್ ಇರಬಾರದು.

ಸಿಮೆಂಟ್ ಸ್ಲ್ಯಾಗ್ ಬೆರೆಸಿದ ಪಿಎಸ್‌ಸಿ ಆದ್ರ ಛಲೋ, ಉಪ್ಪಿಗೆ ಸಾದಾ ಸಿಮೆಂಟ್ ಓಪಿಸಿಗಿಂತ ತಡೀತದ. ಗಟ್ಟಿಯಾಗೋದು ನಿಧಾನ, ಕ್ಯೂರಿಂಗ್ 10 ದಿನಕ್ಕ ಕಡಿಮೆ ಆಗಬಾರದು. ಅಳಿವೆ ಮರಳು ತೊಳೀದೆ ಹಾಕಿದ್ರ ಉಪ್ಪನ್ನ ನಾವೇ ಒಳಗ ಬೆರೆಸಿದಂಗ. ಎಂ-ಸ್ಯಾಂಡ್ ಅಂತ ಬರೆಸ್ರಿ. ಸೈಟಿನಾಗ ಮಿಶ್ರಣಕ್ಕ ಬಳಸೋ ಬೋರ್ ನೀರೂ ಟೆಸ್ಟ್ ಆಗಬೇಕು. ಸರಳಿನ ಕೆಳಗಿಡೋ ಕವರ್ ಬ್ಲಾಕ್ ಅಂತೂ ಕಾಂಕ್ರೀಟ್ ಹಾಕೋ ಮುಂಚೆ ಹೋಗಿ ಕಣ್ಣಾರೆ ನೋಡ್ರಿ, ಜಲ್ಲಿಕಲ್ಲಿನ ಚೂರು ಇಟ್ಟು ಸರಳು ಎತ್ತಿದ್ರ ಆ ಸ್ಲ್ಯಾಬ್ ಒಪ್ಪಬ್ಯಾಡ್ರಿ.

ಮುರಕಲ್ಲಿನ ಗೋಡೆ ಒಳ್ಳೇದೇ, ಅಲ್ಲಿಯ ಕಲ್ಲು ಅಲ್ಲಿಯ ಹವಾಕ್ಕ ಹೊಂದ್ತದ. ಹೊರಗಡೆ ಗಿಲಾವು ಇಲ್ಲದ ಮುರಕಲ್ಲು ಚಂದ ಕಾಣಿಸ್ತದ ಅಂತ ಬಿಟ್ರ ಮಾತ್ರ ಪಶ್ಚಿಮದ ಗೋಡೆ ನೀರು ಕುಡೀತದ. ನಮ್ಮಂಗ ಸಪಾಟು ಛಾವಣಿ ಬ್ಯಾಡ. ಇಳಿಜಾರು, ಮ್ಯಾಲೆ ಹೆಂಚು, ಛಜ್ಜಾ ಎರಡು ಅಡಿ ಮೇಲೆ. ಗ್ರಿಲ್, ಹಿಂಜು, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್ 316 ಇರಲಿ, 304 ಕಡಲ ಗಾಳಿಗೆ ಕಲೆ ಹಿಡೀತದ. ವಾರ್ಡ್‌ರೋಬ್ ಐಎಸ್ 710 ದರ್ಜೆ (ನೀರು ತಡೆಯೋ) ಪ್ಲೈ. ಎಸಿ ಹೊರಘಟಕಕ್ಕ ಕೋಟಿಂಗ್ ಇರೋ ಕಾಯಿಲ್, ಅದೂ ಸಮುದ್ರದ ಕಡೆ ಮುಖ ಮಾಡದಂಗ.

ಪ್ಲಾಟು ಗುಡ್ಡ ಕಡಿದು ಮಾಡಿದ್ದಾದ್ರ ಹಿಂದಿನ ಕಡಿತ ನೋಡ್ರಿ. 2024ರ ಜುಲೈನಾಗ ಅಂಕೋಲಾ ಹತ್ರ ಶಿರೂರಿನಾಗ ಹೆದ್ದಾರಿ ಮ್ಯಾಲೆ ಗುಡ್ಡ ಕುಸಿದದ್ದು ಎಲ್ಲರೂ ನೋಡೀವಿ. ತಡೆಗೋಡೆಗೆ ನೀರು ಹೊರಗ ಬರೋ ವೀಪ್ ಹೋಲ್ ಅವ ಏನು, ಅದರ ಹಿಂದ ಜಲ್ಲಿ ತುಂಬ್ಯಾರ ಏನು ಕೇಳ್ರಿ. ಇನ್ನ ಮನೆ ನೋಡೋದು ಜನವರಿಯೊಳಗ ಅಲ್ಲ, ಜುಲೈನಾಗ ಹೋಗ್ರಿ. ಮಳೆ ಹೊಡಿಯೋವಾಗ ಲೇಔಟಿನ ನೀರು ಯಾವ ಕಡೆ ಹರೀತದ, ಗಾಲ್ಫ್ ಮೈದಾನದ ನೀರು ಯಾರ ಹಿತ್ತಲಿಗೆ ಬರ್ತದ, ಆವಾಗ ಗೊತ್ತಾಗ್ತದ.

ರಾಯಚೂರು_ಲೆಕ್ಕಪತ್ರ:

1.45 ಕೋಟಿ ಅಂದುಕೊಂಡು ಹೋಗಬೇಡಿ, ಕೈಯಿಂದ ಹೋಗುವುದು ಬೇರೆ. ಗ್ರಾಮೀಣ ಭಾಗದಲ್ಲಿ ಮುದ್ರಾಂಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ 5.65. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2 ಆಗಿದೆ. ಒಟ್ಟು ಶೇ 7.65, ಅಂದರೆ 11.09 ಲಕ್ಷ. ಕಟ್ಟುತ್ತಿರುವ ಮನೆಗೆ ಜಿಎಸ್‌ಟಿ ಶೇ 5, 7.25 ಲಕ್ಷ. ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಈ ಜಿಎಸ್‌ಟಿ ಇಲ್ಲ. ಮೇಂಟೆನೆನ್ಸ್ 1,850 ಚದರಡಿಗೆ ತಿಂಗಳಿಗೆ 11,100. ಅದು 7,500 ದಾಟಿದ್ದರಿಂದ ಶೇ 18 ಜಿಎಸ್‌ಟಿ ಸೇರಿ 13,098, ಎರಡು ವರ್ಷದ ಮುಂಗಡ 3.14 ಲಕ್ಷ. 75 ಲಕ್ಷ ಮೀರಿದ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಯಮದಂತೆ ಬ್ಯಾಂಕ್ ಕೊಡುವುದು ಆಸ್ತಿ ಮೌಲ್ಯದ ಶೇ 75ರವರೆಗೆ. ಮುದ್ರಾಂಕ, ನೋಂದಣಿ ಅದರಲ್ಲಿ ಸೇರುವುದಿಲ್ಲ. ನಿಮ್ಮ ಪಾಲು 36.25 ಲಕ್ಷ. ಎಲ್ಲ ಕೂಡಿಸಿದರೆ ಸುಮಾರು 57.7 ಲಕ್ಷ ಸ್ವಂತ ಹಣ ಸಿದ್ಧ ಇರಬೇಕು, ಒಳಾಂಗಣದ ಕೆಲಸ ಬಿಟ್ಟು.

ಸೈಟಿಗೆ ಒಂದು ಕ್ರಯಪತ್ರ, ಕಟ್ಟಡಕ್ಕೆ ಬೇರೆ ಕರಾರು ಮಾಡೋಣ, ಮುದ್ರಾಂಕ ಉಳಿಯುತ್ತೆ ಅನ್ನುವವರಿದ್ದಾರೆ. ಆಗ ಕಟ್ಟಡದ ಭಾಗಕ್ಕೆ ಗುತ್ತಿಗೆ ಕೆಲಸ ಎಂದು ಶೇ 18 ಜಿಎಸ್‌ಟಿ ಬೀಳುತ್ತದೆ. ಎರಡೂ ಲೆಕ್ಕ ಹಾಕಿ ನೋಡಿ, ಉಳಿತಾಯ ಕಾಣುವುದಿಲ್ಲ.

ಇಬ್ಬರು ಸೇರಿ ಕೊಂಡರೂ ಟಿಡಿಎಸ್‌ನ 50 ಲಕ್ಷದ ಮಿತಿ ಒಟ್ಟು ಬೆಲೆಗೆ ಅನ್ವಯ. ಪ್ರತಿ ಕಂತಿನಲ್ಲೂ ಶೇ 1 ಟಿಡಿಎಸ್ ಹಿಡಿದು, ಆ ತಿಂಗಳು ಮುಗಿದ 30 ದಿನದೊಳಗೆ ಕಟ್ಟಬೇಕು, ನಿಮ್ಮ ನಿಮ್ಮ ಪಾಲಿಗೆ ನಿಮ್ಮ ನಿಮ್ಮ ಪ್ಯಾನ್‌ನಲ್ಲಿ. ಹೊಸದು ಬಿಟ್ಟು ರೀಸೇಲ್ ವಿಲ್ಲಾ ನೋಡಿದರೆ ಒಂದು ಎಚ್ಚರ: ಕರಾವಳಿಯಲ್ಲಿ ಮಾರುವವರು ಕೊಲ್ಲಿ ದೇಶದಲ್ಲಿ ಇರುವುದು ಸಾಮಾನ್ಯ. ಅವರು ಅನಿವಾಸಿಯಾದರೆ ಶೇ 1ರ ನಿಯಮ ಇಲ್ಲ. ಬಂಡವಾಳ ಲಾಭದ ದರದಲ್ಲಿ, ಅದೂ ಮಾರಾಟದ ಪೂರ್ತಿ ಮೊತ್ತದ ಮೇಲೆ ಹಿಡಿಯಬೇಕು. ಕಡಿಮೆ ಹಿಡಿಯಬೇಕಾದರೆ ಆದಾಯ ತೆರಿಗೆ ಇಲಾಖೆಯ ಪ್ರಮಾಣಪತ್ರವನ್ನು ಅವರೇ ತರಬೇಕು. ಹಿಡಿಯದೆ ಬಿಟ್ಟರೆ ತೆರಿಗೆ, ಬಡ್ಡಿ ಕೊಂಡವರ ತಲೆಗೆ ಬರುತ್ತದೆ.

ಆದರೂ ನನ್ನ ಮಟ್ಟಿಗೆ ನಿಮಗೆ ರೀಸೇಲೇ ಸರಿ. ಮೈದಾನ ಮೂರು ನಾಲ್ಕು ಬೇಸಿಗೆ ಕಂಡಿರುತ್ತದೆ, ಸಂಘದ ಲೆಕ್ಕಪತ್ರ ಕೈಗೆ ಸಿಗುತ್ತದೆ. ಹಿಂದಿನ ಮೂರು ವರ್ಷದ ಆಡಿಟ್ ವರದಿಯಲ್ಲಿ ಬಾಕಿ ಉಳಿಸಿಕೊಂಡ ಮನೆ ಎಷ್ಟು, ಮೈದಾನದ ಖರ್ಚು ಎಷ್ಟು ಅಂತ ಓದಿದರೆ ಸಾಕು. ಬಾಡಿಗೆಯ ಯೋಚನೆ ಇದ್ದರೆ ಸಂಘದ ಬೈಲಾದಲ್ಲಿ ದಿನಬಾಡಿಗೆಗೆ ಅವಕಾಶ ಇದೆಯೇ ನೋಡಿ. ತಿಂಗಳ ಬಾಡಿಗೆಗೆ ಬಿಡುತ್ತಾರೆ, ದಿನಬಾಡಿಗೆಗೆ ಬಿಡದ ಸಂಘಗಳಿವೆ.

ತೋರಣಗಲ್ಲು_ಸಿವಿಲ್:

ರೀಸೇಲ್ ಮಾತಿಗೆ ಒಂದು ಸೇರಿಸ್ತೀನಿ. ಹೊಸದಾದ್ರ ರೇರಾದಾಗ ಐದು ವರ್ಷ ಕಟ್ಟಡದ ದೋಷಕ್ಕ ಬಿಲ್ಡರ್ ಹೊಣೆ, ಮನೆ ಸ್ವಾಧೀನಕ್ಕ ಕೊಟ್ಟ ದಿನದಿಂದ. ಹಳೇದರಾಗ ಅದು ಮುಗಿದಿರ್ತದ. ಉಪ್ಪಿನ ಹಾನಿ ಹೊರಗ ಕಾಣೋದು ಐದು ವರ್ಷದ ನಂತರನೇ ಹೆಚ್ಚು. ಕ್ಲೋರೈಡ್ ಟೆಸ್ಟ್ ಮಾಡ್ಸದೆ ಹಳೇದು ತಗೋಬ್ಯಾಡ್ರಿ, ಎಷ್ಟೇ ಅಗ್ಗ ಇರಲಿ.

ಕೌಲ್‌ಬಜಾರ್_ಬಳ್ಳಾರಿ:

ಎಲ್ಲರಿಗೂ ಕೈಮುಗಿದೆ. ಟೋಕನ್ ಕೊಡೋದು ನಿಲ್ಲಿಸಿದ್ದೀವಿ. ಮೈದಾನದ ಸರ್ವೆ ನಂಬರ್, ರೂಟಿಂಗ್ ಪ್ಲಾನ್, ಸಿಆರ್‌ಝಡ್ ಪತ್ರ, ನೀರಿನ ಮೂಲ, ಈ ನಾಲ್ಕನ್ನೂ ಇಮೇಲ್‌ನಲ್ಲಿ ಕೇಳ್ತೀವಿ. ಕೊನೆಗೊಂದು ಪ್ರಶ್ನೆ. ತಮ್ಮ ಬಳ್ಳಾರಿ ಬಿಟ್ಟು ಬರೋದು ಕಷ್ಟ. ನೋಂದಣಿಗೆ ಅವನ ಪರವಾಗಿ ನಾನೊಬ್ಬನೇ ಹೋದರೆ ನಡೆಯುತ್ತಾ? ನೋಟರಿ ಮಾಡಿಸಿದ ಪವರ್ ಆಫ್ ಅಟಾರ್ನಿ (ಅಧಿಕಾರಪತ್ರ) ಸಾಕಾ?

ಕೊಪ್ಪಳ_ದಸ್ತಾವೇಜು:

ನೋಟರಿ ಸಾಲದು. ನೋಂದಣಿ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ ದಸ್ತಾವೇಜು ಹಾಜರುಪಡಿಸುವ ಅಧಿಕಾರಪತ್ರವನ್ನು ಕೊಡುವವರು ತಾವು ವಾಸವಿರುವ ವ್ಯಾಪ್ತಿಯ ಉಪನೋಂದಣಾಧಿಕಾರಿಯ ಮುಂದೆಯೇ ಬರೆದು ದೃಢೀಕರಿಸಬೇಕು. ನಿಮ್ಮ ತಮ್ಮನವರು ಬಳ್ಳಾರಿಯ ಕಚೇರಿಯಲ್ಲೇ ಮಾಡಿಕೊಡಬಹುದು. ಸಾಮಾನ್ಯ ಅಧಿಕಾರಪತ್ರ ಬೇಡ, ಈ ಒಂದು ಆಸ್ತಿಗೆ ಮಾತ್ರ ಸೀಮಿತವಾದ ವಿಶೇಷ ಅಧಿಕಾರಪತ್ರ ಮಾಡಿಸಿ. ಸರ್ವೆ ನಂಬರ್, ವಿಲ್ಲಾ ನಂಬರ್, ಚಕ್ಕುಬಂದಿ, ಕ್ರಯಪತ್ರಕ್ಕೆ ಸಹಿ ಹಾಕುವ ಮತ್ತು ಹಾಜರುಪಡಿಸುವ ಎರಡೂ ಅಧಿಕಾರ ಅದರಲ್ಲಿ ಬರಲಿ. ಸಾಲ ಇದ್ದರೆ ಬ್ಯಾಂಕಿಗೆ ಅದರ ಕರಡು ಮುಂಚೆಯೇ ತೋರಿಸಿ. ಸಾಲದ ಕಾಗದಕ್ಕೆ ಇಬ್ಬರೂ ಖುದ್ದಾಗಿ ಸಹಿ ಹಾಕಬೇಕು ಅನ್ನುವ ಶಾಖೆಗಳಿವೆ. ಹಾಗಾದರೆ ಸಾಲವನ್ನು ಬಳ್ಳಾರಿ ಶಾಖೆಯಲ್ಲೇ ಮಾಡಿಸಿಕೊಂಡು, ಆಸ್ತಿ ಪರಿಶೀಲನೆ ಮಾತ್ರ ಅಲ್ಲಿಯ ಶಾಖೆಯ ವಕೀಲರಿಂದ ಮಾಡಿಸಲು ಕೇಳಿ. ಆ ವಕೀಲರ ವರದಿಯ ಪ್ರತಿಯನ್ನೂ ಕೇಳಿ ಪಡೆದುಕೊಳ್ಳಿ.